ನಾಲ್ಕು ಕ್ರೆಡಿಟ್ಟಿನ ಕನ್ನಡ

ಪ್ರವೇಶದ ಅರ್ಜಿಯಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಪುಣೆಯ ಒಂದು ಕಾಲೇಜಿನಲ್ಲಿ ಪ್ರವೇಶದ ಕಿಟಕಿಯ ಹಿಂದೆ ಹದಿನೆಂಟು ವರ್ಷದಿಂದ ಕೂತಿದ್ದೇನೆ. ಸಹಿ ಇಲ್ಲ, ಫೋಟೋ ಹಳೆಯದು, ಝೆರಾಕ್ಸ್ ಮಸುಕು, ಎಲ್ಲವನ್ನೂ ಒಂದೇ ನೋಟಕ್ಕೆ ಹಿಡಿಯುತ್ತೇನೆ. ‘ಮಾಹಿತಿ ಸುಳ್ಳೆಂದು ಕಂಡುಬಂದರೆ ಪ್ರವೇಶ ರದ್ದು’ ಎಂಬ ಸಾಲಿಗೆ ಬೆರಳಿಟ್ಟು ತೋರಿಸಿ ಎಷ್ಟು ಮಕ್ಕಳನ್ನು ಅಳಿಸಿದ್ದೇನೋ ಆ ದೇವರಿಗೇ ಗೊತ್ತು. ಅಂಥ ನಾನೇ ನನ್ನ ಅರ್ಜಿಯಲ್ಲಿ ಸುಳ್ಳು ಬರೆದೆ. ಬರೆಯುವಾಗ ಅದು ಸುಳ್ಳು ಅಂತ ಅನಿಸಲೂ ಇಲ್ಲ ನೋಡಿ!

ಅಂಚೆಯ ಮೂಲಕ ಭಾಷಾಶಾಸ್ತ್ರದ ಎಂ.ಎ. ಕಟ್ಟಿದ್ದೆ. ಯಾಕೆ ಎಂದು ಕೇಳಬೇಡಿ. ಕಿಟಕಿಯ ಆಚೆ ದಿನಾ ಹತ್ತೂರಿನ ಮಾತು ಕಿವಿಗೆ ಬೀಳುತ್ತಿತ್ತು, ಅದರ ಹುಚ್ಚು ಹತ್ತಿತು, ಅಷ್ಟೇ. ಎಲ್ಲಾ ಪೇಪರು ಮುಗಿದು ಕ್ಷೇತ್ರಕಾರ್ಯ ಎಂಬುದೊಂದು ಉಳಿದಿತ್ತು. ಅಂದರೆ ನಮಗೆ ಗೊತ್ತಿಲ್ಲದ ಭಾಷೆ ಆಡುವವರ ಎದುರು ಕೂತು, ಕೇಳಿ, ಬರೆದು, ಆ ಭಾಷೆಯ ಕಟ್ಟನ್ನು ನಾವೇ ಕಂಡುಕೊಳ್ಳುವುದು. ಅದಕ್ಕೆ ನಾಲ್ಕು ಕ್ರೆಡಿಟ್. ಆ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ಅವರ ಸೇವೆಯಲ್ಲಿ ವರ್ಷಗಳು ಹೋದವು, ಕಡೆಗೆ ಅವರೂ ಹೋದರು, ಪೇಪರು ಮಾತ್ರ ಹಾಗೇ ಉಳಿಯಿತು.

ಆಮೇಲೆ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಜೂನ್ ಮುಗಿಯುವುದರೊಳಗೆ ಆ ನಾಲ್ಕು ಕ್ರೆಡಿಟ್ ತುಂಬಿಸದಿದ್ದರೆ ಹಿಂದಿನವೂ ಊರ್ಜಿತವಲ್ಲ, ಮತ್ತೆ ಮೊದಲಿನಿಂದ ಶುರು. ನಮ್ಮ ಪ್ರಾಚಾರ್ಯರು ಬೇರೆ, “ಡಿಗ್ರಿ ಕೈಯಲ್ಲಿ ತೊಗೊಂಡು ಬರ್ರಿ, ಜೂನ್‌ನಿಂದ ಭಾಷೆಯ ತಾಸು ನಿಮಗೇ ಕೊಡ್ತೀನಿ” ಎಂದಿದ್ದರು. ಅವರೂ ಧಾರವಾಡದ ಕಡೆಯವರು, ಕೋಣೆಯ ಬಾಗಿಲು ಹಾಕಿಕೊಂಡರೆ ಮಾತ್ರ ನನ್ನೊಡನೆ ಕನ್ನಡ ಆಡುವವರು. ಕಿಟಕಿ ಬಿಟ್ಟು ತರಗತಿಯೊಳಗೆ! ನಲವತ್ತನಾಲ್ಕನೆಯ ವಯಸ್ಸಿಗೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಊರಿನ ಇನ್ನೊಂದು ತುದಿಯ ವಿಶ್ವವಿದ್ಯಾಲಯವೊಂದರಲ್ಲಿ ಮೇ ತಿಂಗಳಲ್ಲಿ ಭಾಷಾಶಾಸ್ತ್ರದ ಬೇಸಿಗೆ ತರಗತಿ ನಡೆಯುತ್ತದೆ. ಹೊರಗಿನವರೂ ಸೇರಬಹುದು, ಪಾಸಾದರೆ ನಾಲ್ಕು ಕ್ರೆಡಿಟ್ ನಮ್ಮ ಹಳೆಯ ಅಂಕಪಟ್ಟಿಗೆ ಸೇರುತ್ತದೆ. ಕಡೆಯ ದಿನ ಅರ್ಜಿ ತುಂಬಿದೆ. ಮಾತೃಭಾಷೆಯ ಕಾಲಂ ಬಂದಾಗ ಕೈ ತಾನಾಗಿಯೇ ಮರಾಠಿ ಎಂದು ಬರೆದು ಮುಂದೆ ಹೋಯಿತು.

ಇದು ನಮ್ಮಂಥವರಿಗೆ ಮಾತ್ರ ಅರ್ಥವಾಗುವ ಚಟ. ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಪೇಠೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ನನ್ನನ್ನು ಶಾಲೆಗೆ ಹಾಕುವಾಗ ಆ ಕಾಲಮ್ಮಿನಲ್ಲಿ ಮರಾಠಿ ಎಂದೇ ಬರೆಸಿದರು. ನಮ್ಮ ಓಣಿಯ ಕನ್ನಡದ ಮನೆಗಳೆಲ್ಲ ಹಾಗೇ ಬರೆಸುತ್ತಿದ್ದವು. “ಸುಮ್ನ ಯಾಕ ಬೇಕವಾ, ನಾಲ್ಕ್ ಮಂದಿ ನಾಲ್ಕ್ ಥರಾ ಕೇಳ್ತಾರ” ಎನ್ನುತ್ತಿದ್ದರು ಅಪ್ಪ. ನಮ್ಮ ಅಡ್ಡಹೆಸರೂ ಮರಾಠಿಯವರಿಗೆ ಇರುವಂಥದೇ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆ ಮರಾಠಿ. ಇದರಲ್ಲಿ ಬಚ್ಚಿಡುವುದೇನೂ ಇದೆ ಎಂದು ನನಗೆ ಯಾವತ್ತೂ ತೋರಿರಲಿಲ್ಲ.

ಪ್ರವೇಶಕ್ಕೊಂದು ಕಿವಿಯ ಪರೀಕ್ಷೆ ಇತ್ತು. ಬಿಳಿಗೂದಲಿನ, ಕ್ಯಾನ್ವಾಸ್ ಬೂಟು ಹಾಕಿದ ಪ್ರಾಧ್ಯಾಪಕಿಯೊಬ್ಬರು ಎದುರು ಕೂತು ಒಂದೊಂದೇ ಸದ್ದು ಮಾಡುವರು, ನಾವು ಹಾಗೇ ಮಾಡಬೇಕು. ಗಂಟಲಿನ ತಳದ್ದೊಂದು, ಉಸಿರನ್ನು ಒಳಗೆಳೆದುಕೊಂಡು ಆಡುವುದೊಂದು, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟಕ್ಕನೆ ಬಿಡುವುದೊಂದು. “ಇವೆಲ್ಲ ಯಾವುದೋ ಊರಿನಲ್ಲಿ ತಾಯಂದಿರು ಮಕ್ಕಳಿಗೆ ಊಟಕ್ಕೆ ಬಾ ಅಂತ ಕರೆಯುವ ಸದ್ದು” ಎಂದರು ಅವರು ಮರಾಠಿಯಲ್ಲಿ. ನನ್ನ ಮೈ ಜುಂ ಎಂದಿತು. ಇದೇ ಹಲ್ಲು, ಇದೇ ನಾಲಿಗೆ, ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡು ‘ನಂತರ ಯಾ’, ಆಮೇಲೆ ಬನ್ನಿ, ಎಂದು ಹುಡುಗರನ್ನು ಓಡಿಸಲಿಕ್ಕೆ ಬಳಸಿದ್ದೆನಲ್ಲ!

ಪ್ರವೇಶ ಸಿಕ್ಕಿತು. ಮೊದಲ ವಾರ ಬರೀ ಪಾಠ. ಎರಡನೆಯ ವಾರದ ಸೋಮವಾರ ಬಾಗಿಲಿಗೆ ಪಟ್ಟಿ ಅಂಟಿಸಿದರು. ಎರಡು ಗುಂಪು. ಒಂದಕ್ಕೆ ಈಶಾನ್ಯದ ಗುಡ್ಡಗಾಡಿನ ಭಾಷೆ, ಇನ್ನೊಂದಕ್ಕೆ ಕನ್ನಡ. ಸ್ವಂತ ಭಾಷೆಯ ಗುಂಪಿನಲ್ಲಿ ಯಾರೂ ಇರಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ. ಮರಾಠಿ ಮಾತೃಭಾಷೆಯ ನನ್ನ ಹೆಸರು ಕನ್ನಡದ ಗುಂಪಿನಲ್ಲಿತ್ತು.

ಇನ್ನೊಂದು ಗುಂಪು ತುಂಬಿತ್ತು. ಹೋಗಿ ನಿಜ ಹೇಳಿದರೆ ‘ಮಾಹಿತಿ ಸುಳ್ಳು’, ಪ್ರವೇಶ ರದ್ದು. ಜೂನ್ ಬಾಗಿಲಲ್ಲಿ ನಿಂತಿದೆ. ಅಲ್ಲೇ ನಿಂತು ಬಾಟಲಿಯ ನೀರೆಲ್ಲ ಕುಡಿದು, ಹತ್ತು ದಿನದ ಮಾತು, ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದು ಒಳಗೆ ಹೋದೆ. ಪುಣೆಯಲ್ಲಿ ಹುಟ್ಟಿದ ಕನ್ನಡತಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಭಾಷೆ ಕೊಡಲು ಬಂದವಳು ಖರಾಡಿಯ ಕಟ್ಟಡವೊಂದರಲ್ಲಿ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಹೆಂಗಸು. ಪ್ರಾಧ್ಯಾಪಕಿಯ ಮನೆಯ ಪಕ್ಕದಲ್ಲೇ ಆ ಕಟ್ಟಡ ಏಳುತ್ತಿತ್ತಂತೆ, ಕೂಲಿಯವರ ಮೇಲಿನ ಮುಕಾದಮನನ್ನು ಕೇಳಿ ಕರೆತಂದಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕೈತುಂಬ ಹಸಿರು ಬಳೆ, ಬಿಸಿಲಿಗೆ ಸೀಳಿದ ತುಟಿ. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬಹುದು. ಆಕೆ ಬಾಗಿಲಲ್ಲಿ ಕಾಣುತ್ತಲೇ ಪ್ರಾಧ್ಯಾಪಕಿ ಎದ್ದು ನಿಂತರು, ನಮ್ಮನ್ನೂ ಎಬ್ಬಿಸಿದರು. “ಮನೆಗೆಲಸದವರನ್ನು ಕರೆದ ಹಾಗೆ ಇವರನ್ನು ಮಾವಶಿ ಗೀವಶಿ ಅನ್ನಕೂಡದು. ಹತ್ತು ದಿನ ಇವರು ನಿಮ್ಮ ಗುರು. ಇವರು ಕೂತ ಮೇಲೆ ನೀವು ಕೂಡಬೇಕು, ಚಹಾ ಮೊದಲು ಇವರಿಗೆ.” ಹನ್ನೆರಡು ಮಂದಿ ಕಲಿತ ಜನ ಎದ್ದು ನಿಂತದ್ದನ್ನು ನೋಡಿ ಆಕೆ ಹಿಂದೆ ತಿರುಗಿ, ತನ್ನ ಬೆನ್ನಿಗೆ ಯಾರು ಸಾಹೇಬರು ಬಂದರೋ ಎಂದು ನೋಡಿದಳು.

ಕೆಲಸದ ಪದ್ಧತಿ ಹೀಗೆ. ನಾವು ಮರಾಠಿಯಲ್ಲೋ ಹಿಂದಿಯಲ್ಲೋ ಒಂದು ಮಾತು ಕೇಳುವುದು, ಆಕೆ ತನ್ನ ಭಾಷೆಯಲ್ಲಿ ಮೂರು ಸಲ ಹೇಳುವುದು; ಆ ಎರಡೂ ಭಾಷೆ ಆಕೆಗೆ ತಿಳಿಯುತ್ತಿದ್ದವು, ಆಡಲು ಮಾತ್ರ ಬರುತ್ತಿರಲಿಲ್ಲ. ನಾವು ಕೇಳಿದ ಸದ್ದನ್ನು ಚಿಹ್ನೆಗಳಲ್ಲಿ ಬರೆದುಕೊಂಡು ಎಲ್ಲರೂ ಕೂಡಿ ಆಕೆಗೇ ಓದಿ ಹೇಳುವುದು. ಸರಿ ಎಂದರೆ ಮುಂದಿನ ಮಾತು. ಮೊದಲು ಬಿಡಿ ಶಬ್ದ, ಆಮೇಲೆ ಆ ಶಬ್ದಗಳನ್ನೇ ಜೋಡಿಸಿ ವಾಕ್ಯ.

ಮೊದಲ ದಿನವೇ ನನಗೆ ಫಜೀತಿ. ನೀರಿಗೆ ಏನನ್ನುತ್ತೀರಿ ಎಂದು ನಮ್ಮ ಗುಂಪಿನ ಮಣಿಪುರದ ಹುಡುಗಿಯೊಬ್ಬಳು ಕೇಳಿದಳು. ಆಕೆ ಮೂರು ಸಲ ಹೇಳಿದಳು, ಹುಡುಗಿ ಇನ್ನೊಮ್ಮೆ ಎಂದಳು. ಹೇಳಿ, ಆಕೆ ತನ್ನಷ್ಟಕ್ಕೆ ಗೊಣಗಿದಳು: “ಯಪ್ಪಾ ಶಿವನೇ, ನೀರು ನೀರು ಅಂತ ನಾಕ್ ಸಲ ಅನ್ನಸ್ಲಾಕತ್ತಾರ, ಒಬ್ಬರರೆ ಒಂದ್ ಗುಟುಕು ನೀರ್ ಕೊಡವಲ್ರು!” ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಾನು ನಗು ತಡೆಯಲಾರದೆ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆ. ಬರುವಾಗ ಒಂದು ಲೋಟ ನೀರು ತಂದು ಆಕೆಯ ಮುಂದಿಟ್ಟೆ. ಆಕೆ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ ಗಟಗಟ ಕುಡಿದಳು.

ಗೊತ್ತಿದ್ದನ್ನು ಗೊತ್ತಿಲ್ಲ ಎನ್ನುವುದು ಎಷ್ಟು ಕಷ್ಟದ ಕೆಲಸ ಅಂತೀರಿ! ಬೇಕೆಂದೇ ನಿಧಾನ ಬರೆಯಬೇಕು, ನಡುನಡುವೆ ತಪ್ಪು ಮಾಡಬೇಕು. ಮೂರನೆಯ ದಿನ ಪ್ರಾಧ್ಯಾಪಕಿ ನೋಟ್‌ಬುಕ್ ತಿದ್ದಿದರು. ಮಣಿಪುರದ ಹುಡುಗಿಗೆ ಹತ್ತಕ್ಕೆ ಒಂಬತ್ತು, ಕೇರಳದ ಹುಡುಗನೊಬ್ಬನಿಗೆ ಎಂಟು, ನನಗೆ ಆರು. ಬೇಕೆಂದು ಮಾಡಿದ ತಪ್ಪುಗಳನ್ನು ಎಣಿಸಿ ನೋಡಿದೆ, ಎರಡೇ ಇದ್ದವು. ಉಳಿದವೆರಡು ನನ್ನ ಸ್ವಂತ ತಪ್ಪು. ಆಕೆ ಹೇಳಿದ್ದನ್ನು ನಾನು ಕೇಳಿರಲೇ ಇಲ್ಲ; ನಮ್ಮ ಮನೆಯಲ್ಲಿ ಹೇಗೆ ಅನ್ನುತ್ತಾರೋ ಹಾಗೆ ಬರೆದಿದ್ದೆ. ಕನ್ನಡ ಗೊತ್ತಿಲ್ಲದ ಹುಡುಗಿ ಕೇಳಿಸಿಕೊಂಡದ್ದು ಕನ್ನಡ ಗೊತ್ತಿದ್ದ ನನಗೆ ಕೇಳಿಸಿರಲಿಲ್ಲ. ನನ್ನ ಜಂಬವೆಲ್ಲ ಜರ್ರನೆ ಇಳಿಯಿತು.

ಆವತ್ತಿನಿಂದ ನಾಟಕ ಬಿಟ್ಟು ನಿಜವಾಗಿ ಕೇಳತೊಡಗಿದೆ. ಹೇಗೆ ಹೇಳಲಿ ಆ ದಿನಗಳನ್ನು! ಬಿರುಬೇಸಿಗೆ, ತಲೆಯ ಮೇಲೆ ಗರಗರ ಸುತ್ತುವ ಫ್ಯಾನು, ಕಿಟಕಿಯ ಆಚೆ ಕೆಂಪಗೆ ಸುರಿದ ಗುಲ್ಮೊಹರು, ಒಳಗೆ ಒಂದು ಬಾಯಿಯಿಂದ ಬರುವ ಒಂದೊಂದು ಮಾತಿಗೂ ಉಸಿರು ಬಿಗಿಹಿಡಿದು ಕಾಯುವ ಹನ್ನೆರಡು ಜನ. ಅಮ್ಮ ಬೈಯುವಾಗ ಆಡುತ್ತಿದ್ದ ಮಾತು, ಅಪ್ಪ ಮಲಗಿದಲ್ಲೇ ತೊದಲಿದ ಮಾತು, ನಾನು ಕಸದ ಹಾಗೆ ಕಾಲಲ್ಲಿ ಸರಿಸಿ ದಾಟಿದ್ದ ಮಾತು, ಅದನ್ನು ದೂರದೂರದ ಮಕ್ಕಳು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಕಲ್ಲಿಗೆ, ಮಣ್ಣಿಗೆ, ಮೈನೋವಿಗೆ ಆಕೆಯಲ್ಲಿ ಎಷ್ಟು ಬಗೆಯ ಶಬ್ದಗಳಿದ್ದವು! ಅರ್ಧದಷ್ಟು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಐದನೆಯ ದಿನ, ಆಕೆ ತನ್ನ ಊರಿನ ದಾರಿಯನ್ನು ನಾಲ್ಕು ವಾಕ್ಯದಲ್ಲಿ ಹೇಳಿದ್ದನ್ನು ಮಣಿಪುರದ ಹುಡುಗಿ ತನ್ನ ಚಿಹ್ನೆ ನೋಡಿ ಒಬ್ಬಳೇ ಓದಿದಳು. ಒಂದಕ್ಷರ ಅರ್ಥವಾಗದಿದ್ದರೂ, ಆಕೆಯದೇ ಎಳೆತ, ಆಕೆಯದೇ ನಿಲುಗಡೆ. ಅಕ್ಷರ ಬಾರದ ಆ ಹೆಂಗಸು ಕೇಳುತ್ತ ಕೇಳುತ್ತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಏ, ನಾನೇ ಆ ಕಡೆ ಕುಂತ್ ಮಾತಾಡ್ಲಾಕತ್ತಂಗ ಆಯ್ತಲ್ಲ!” ಎಂದಳು. ಈ ಮಾತಿನ ಅರ್ಥ ಆ ಕೋಣೆಯಲ್ಲಿ ನನಗೊಬ್ಬಳಿಗೇ ಆಗಿತ್ತು, ಹೇಳುವಂತಿರಲಿಲ್ಲ. ಕಣ್ಣು ತುಂಬಿ ಬಂತು, ನೋಟ್‌ಬುಕ್ಕಿಗೆ ಮುಖ ಹುದುಗಿಸಿದೆ.

ಎಂಟನೆಯ ದಿನ ವಾಕ್ಯಗಳ ಸರದಿ. ಬಂದ, ಹೋದ, ಬಿದ್ದ, ಸತ್ತ, ಇಂಥ ಕ್ರಿಯಾಪದಗಳಿಗೆ ಹಿಂದೆ ಕೂಡಿಸಿಟ್ಟ ಶಬ್ದಗಳನ್ನು ಹಚ್ಚುವುದು. ತಂದೆ, ತಾಯಿ, ಮಗ, ಮಗಳು, ಎಲ್ಲವನ್ನೂ ಮೊದಲ ದಿನವೇ ಬರೆದುಕೊಂಡಿದ್ದೆವು. ನನ್ನ ಮಗ ಬಂದ, ನನ್ನ ಮಗ ಹೋದ, ಹೀಗೆ ಯಂತ್ರದಂತೆ ಸಾಗಿತ್ತು. ಕೇರಳದ ಹುಡುಗ ತನ್ನ ಪಟ್ಟಿಯ ಮುಂದಿನ ಸಾಲನ್ನು ಹಿಂದಿಯಲ್ಲಿ ಕೇಳಿದ: ನನ್ನ ಮಗಳು ಸತ್ತಳು, ಇದಕ್ಕೇನನ್ನುತ್ತೀರಿ?

ಆಕೆ ಕಿಟಕಿಯತ್ತ ಮುಖ ತಿರುಗಿಸಿದಳು. ಹುಡುಗ ವಿನಯದಿಂದ ಮತ್ತೆ ಕೇಳಿದ. “ಆ ಮಾತು ನನ್ನ ಬಾಯಿಲಿಂದ ಬರಂಗಿಲ್ಲ” ಎಂದಳು ಆಕೆ.

ಹನ್ನೊಂದು ಪೆನ್ನುಗಳು ಬರೆದುಕೊಂಡವು; ಅದರಲ್ಲಿ ಮಗಳು ಎಂಬ ಶಬ್ದವೇ ಇಲ್ಲವೆಂದು ಆ ಭರದಲ್ಲಿ ಯಾರಿಗೂ ಹೊಳೆಯಲಿಲ್ಲ. “ಇನ್ನೊಮ್ಮೆ, ಗುರೂಜಿ” ಎಂದ ಹುಡುಗ. ಆಕೆ ಅವನನ್ನು ನೋಡದೆ ಅಂಗಿಯ ತೋಳನ್ನು ಎಳೆದುಕೊಳ್ಳುತ್ತ ಅದನ್ನೇ ಹೇಳಿದಳು. “ಮೂರನೆಯ ಸಲ” ಎಂದ. ಈ ಸಲ ಧ್ವನಿ ಹೊರಬೀಳಲಿಲ್ಲ, ತುಟಿ ಮಾತ್ರ ಅಲುಗಿತು. ಆಮೇಲೆ ಪದ್ಧತಿಯ ಪ್ರಕಾರ ಎಲ್ಲರೂ ಕೂಡಿ ಓದಿದರು. ಆ ಮಾತು ನನ್ನ ಬಾಯಿಲಿಂದ ಬರಂಗಿಲ್ಲ. ಹನ್ನೊಂದು ಬಾಯಿ, ಅಕ್ಷರ ತಪ್ಪದೆ, ಆಕೆಯದೇ ನಡುಗು ಧ್ವನಿಯಲ್ಲಿ ಓದಿ, ಸರಿಯೇ ಎಂದು ಭಕ್ತಿಯಿಂದ ಆಕೆಯ ಮುಖ ನೋಡಿದವು. ಸಾಲದ್ದಕ್ಕೆ ಹುಡುಗ ಪಟ್ಟಿಯ ಕೆಳಗಿನ ಸಾಲಿಗೆ ಬೆರಳಿಟ್ಟಿದ್ದ: ನಮ್ಮ ಮಗಳು ಸತ್ತಳು.

“ಸಾಕ್ ಮಾಡ್ರಿ!” ಎಂದು ಚೀರಿದೆ. ಎದ್ದು ನಿಂತಿದ್ದೆ. ಚೀರಿದ್ದು ಕನ್ನಡದಲ್ಲಿ.

ಆಮೇಲೆ ಮರಾಠಿಯಲ್ಲಿ ಹೇಳಿದೆ, ಇದು ನೀವು ಕೇಳಿದ ವಾಕ್ಯ ಅಲ್ಲ, ಹೇಳಲಾರೆ ಅಂತಿದ್ದಾಳೆ, ಮೂರು ಸಲ ಬೇಡ ಅಂದಳು, ಆ ಬೇಡವನ್ನೇ ಬರೆದುಕೊಂಡಿದ್ದೀರಿ. ಪ್ರಾಧ್ಯಾಪಕಿ ಮೊದಲು ಕೈಚಾಚಿ ಮೇಜಿನ ಮೇಲಿನ ರೆಕಾರ್ಡರ್ ಆರಿಸಿದರು. ನಿಮಗೆ ಹೇಗೆ ತಿಳಿಯಿತು ಎಂದು ಮೆಲ್ಲಗೆ ಕೇಳಿದರು. “ಮಾಝೀ ಮಾತೃಭಾಷಾ ಕನ್ನಡ ಆಹೇ” ಎಂದೆ. ನಲವತ್ತನಾಲ್ಕು ವರ್ಷದಲ್ಲಿ ಪರರ ಮುಂದೆ ಈ ಮಾತು ಆಡಿದ್ದು ಅದೇ ಮೊದಲು.

ಆಕೆ ನಿಧಾನ ನನ್ನತ್ತ ತಿರುಗಿದಳು. ಅಲ್ಲಿಯವರೆಗೆ ನಾನು ಆಕೆಗೆ ‘ಬಾಯಾರು’, ಯಾರೋ ಮರಾಠಿ ಅಮ್ಮನವರು.

“ನೀ ನಮ್ಮಾಕಿ ಏನ?”

“ಹೌದ್ರಿ ಅಕ್ಕಾರ.”

“ಎಂಟ್ ದಿನ ಆಯ್ತಲ್ಲ! ಎಂಟ್ ದಿನ ನನ್ನ ಮಾರಿ ನೋಡ್ಕೋತ ಕುಂತಿದ್ದಿ! ಯುಗಾದಿಗೆ ನಮ್ಮ ಮಂದಿ ಎಲ್ಲಾ ಊರಿಗಿ ಹೋದ್ರು, ನಾ ಒಬ್ಬಾಕಿ ಉಳದೀನಿ. ಒಂದ್ ಮಾತಾಡ್ಲಾಕ ಒಂದ್ ಹೆಣ್ಣ ಜೀವ ಇಲ್ಲಂತ ನನ್ನಷ್ಟಕ್ಕ ನಾ ವಟಗುಟ್ಟಕೋತ ಕುಂತಿದ್ರ, ಕೇಳ್ಕೋತ ಸುಮ್ನ ಕುಂತಿಯಲ್ಲಾ, ನಿನ್ನ ಬಾಯಿಗಿ ಏನ್ ಬ್ಯಾನಿ ಬಂದಿತ್ತ?”

ತಲೆ ತಗ್ಗಿಸಿ ನಿಂತೆ.

ಪ್ರಾಧ್ಯಾಪಕಿ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಗದರಿಸಲಿಲ್ಲ, ಅದೇ ಹೆಚ್ಚು ನೋವಾಯಿತು. ಕನ್ನಡ ಬಲ್ಲವರಿಗೆ ಕನ್ನಡದ ಗುಂಪಿನಲ್ಲಿ ಕ್ರೆಡಿಟ್ ಕೊಡಲು ಬರುವುದಿಲ್ಲ, ಹೆಸರು ಹೊಡೆಯಲೇಬೇಕು, ಬೇಕಾದರೆ ಸಮಿತಿಗೆ ವಿನಂತಿ ಬರೆಯಿರಿ ಎಂದರು. ಬೇಡ ಎಂದೆ. ಅವರು ಪಟ್ಟಿ ತೆಗೆದು, ನನ್ನ ಎದುರಿಗೇ, ಹೆಸರಿನ ಮೇಲೆ ಗೆರೆ ಎಳೆದರು. ಮೂರು ಬೆರಳಗಲ ಉದ್ದದ ಗೆರೆ. ಅಲ್ಲಿಗೆ ಎಂ.ಎ. ಹೋಯಿತು, ಜೂನ್‌ನ ತರಗತಿಯೂ ಹೋಯಿತು. “ಈಗ ನೀವು ವಿದ್ಯಾರ್ಥಿ ಅಲ್ಲ. ಅವರ ಹತ್ತಿರ ನಾನು ಕ್ಷಮೆ ಕೇಳಬೇಕು, ನನ್ನ ಪರವಾಗಿ ನಿಮ್ಮ ಭಾಷೆಯಲ್ಲಿ ಹೇಳುತ್ತೀರಾ?” ಎಂದು ಕೇಳಿದರು.

ಒಳಗೆ ಹೋದಾಗ ಎಲ್ಲರೂ ನಿಂತೇ ಇದ್ದರು. ಕೇರಳದ ಹುಡುಗ ಅಳುತ್ತಿದ್ದ. ಪ್ರಾಧ್ಯಾಪಕಿ ಕೈಮುಗಿದು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಆಕೆ ಮುಗಿಯಲು ಬಿಡಲಿಲ್ಲ.

“ಕ್ಷಮಾ ಗಿಮಾ ಏನ್ ಬ್ಯಾಡ. ಆ ಹುಡುಗಗ ಅಳಬ್ಯಾಡ ಅನ್ನು, ಅವಗೇನ್ ಗೊತ್ತು. ಎಲ್ಲಾರಿಗೂ ಕುಂಡ್ರಲಾಕ ಹೇಳು. ಆಕಿ ಹ್ಯಾಂಗ ಹೋದ್ಲಂತ ನಾ ಹೇಳಂಗಿಲ್ಲ. ಆಕಿ ಹ್ಯಾಂಗಿದ್ಲು, ಅದು ಹೇಳ್ತೀನಿ.”

ಯಾರೂ ಬರೆಯಲಿಲ್ಲ. ರೆಕಾರ್ಡರ್ ಹಚ್ಚಲಿಲ್ಲ. ಮಗಳು ಹನ್ನೊಂದರವಳಂತೆ, ಯಾರ ಮಾತು ಕೇಳಿದರೂ ಹಾಗೇ ಆಡಿ ತೋರಿಸುವಳಂತೆ. ಮುಕಾದಮನ ಮರಾಠಿ, ಸಲಾಕೆ ಕಟ್ಟುವ ಬಿಹಾರಿಗಳ ಹಿಂದಿ, ಗೋಡೆಗೆ ಗಿಲಾಯ ಮಾಡುವವರ ತೆಲುಗು. ಮೊದಲ ಸಲ ಪುಣೆಗೆ ಬರುವಾಗ ರೈಲು ದೌಂಡದಲ್ಲಿ ನಿಂತಿತ್ತಂತೆ. ಚಹಾ ಮಾರುವವನೊಬ್ಬ ಕೂಗುತ್ತ ಹೋದ. ಹುಡುಗಿ ಕಿಟಕಿಯಲ್ಲಿ ಮುಖವಿಟ್ಟು ಹಾಗೇ ಕೂಗಿದಳು, ಅವನು ತನ್ನ ಜಾಗಕ್ಕೆ ಇನ್ಯಾರು ಬಂದರೋ ಎಂದು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಇದನ್ನು ನಾನು ತುಂಡು ತುಂಡಾಗಿ ಮರಾಠಿಗೆ ತರುತ್ತಿದ್ದೆ. ಅಷ್ಟರಲ್ಲಿ ಆಕೆ ಎದ್ದು, ಮಗಳು ಕೂಗಿದ ಹಾಗೆ ಕೂಗಿದಳು. ಒಂದು ಎಳೆಯ ಕಂಠ, ಅದರೊಳಗೆ ಚಹಾದವನ ಒಡಕು ಕಂಠ. ಮರಾಠಿಗೆ ತರಲು ನಾನು ಬಾಯಿ ತೆರೆದೆ, ತರಬೇಕಾದದ್ದು ಏನೂ ಇರಲಿಲ್ಲ. ಎಲ್ಲರೂ ನಕ್ಕರು, ನಗುತ್ತಲೇ ಅತ್ತರು. ಆ ಮಗು ಆ ಕೋಣೆಯಲ್ಲಿ ಕೂಗಿ ಹೋದಳು, ಅದನ್ನು ಈ ಕಿವಿಯಿಂದ ಕೇಳಿದ್ದೇನೆ. ಇಷ್ಟು ದೊಡ್ಡದೊಂದನ್ನು ನಾನು ಇವತ್ತಿಗೂ ಮತ್ತೆಲ್ಲೂ ಕಂಡಿಲ್ಲ.

ಸಂಜೆ ಇಬ್ಬರೂ ಗೇಟಿನ ಹೊರಗಿನ ಬಸ್‌ಸ್ಟಾಪಿನಲ್ಲಿ ನಿಂತೆವು. ಆಕೆ ಖರಾಡಿಗೆ, ನಾನು ಸ್ವಾರಗೇಟಿಗೆ. ಆಕೆಯೇ ಕೇಳಿದಳು.

“ನಿನಗ ಆ ಮೇಡಮ್ಮ ಒಳಗ ಕರದು ಏನಂದ್ಳು?”

“ಹೆಸರು ಹೊಡದ್ರಿ ಅಕ್ಕಾರ. ಕ್ರೆಡಿಟ್ ಸಿಗೂದಿಲ್ಲ.”

“ಹಂಗಂದ್ರ?”

ಏನೆಂದು ಬಿಡಿಸಿ ಹೇಳುವುದು? “ಇಲ್ಲಿ ಕುಂತು ಕಲ್ತಾಳ ಅಂತ ಕೊಡೋ ಗುರುತ್ರಿ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಮತ್ತ, ಕಲ್ತಿಯೇನ?”

ಎಂಟು ದಿನ ಆಕೆಯ ಎದುರು ಕೂತು ಎರಡು ನೋಟ್‌ಬುಕ್ ತುಂಬಿಸಿದ್ದೆ. ಆಕೆಗೊಬ್ಬ ಮಗಳಿದ್ದಳೆಂದು ನನಗೆ ಗೊತ್ತಿರಲಿಲ್ಲ.

“ಇಲ್ರಿ” ಎಂದೆ.

ಖರಾಡಿಯ ಬಸ್ಸು ಬಂದು ನಿಂತಿತು. ಆಕೆ ಸೀರೆ ಎತ್ತಿಕೊಂಡು ಮೆಟ್ಟಿಲು ಹತ್ತಿ, ಹಿಂದಿನವರನ್ನು ತಡೆದು ತಿರುಗಿ ನಿಂತಳು.

“ಹಂಗಾರ ನಾಳಿ ಬಾ” ಎಂದಳು.